ಬೊಗಳದ ನಾಯಿ

"ಗುರುಗಳೇ, 'ನಿನ್ನ ಕೈಲಾಗದು' ಎಂದವರ ನಡುವೆಯೇ ನಾನು ಬೆಳೆದವಳು. ಹೆಣ್ಣಿಗೆ ಅಕ್ಷರ ಹತ್ತದು ಎಂದ ನನ್ನಪ್ಪ. ಮನೆ ಬಿಟ್ಟು ಹೋದರೆ ಹಸಿದು ತಿರುಗಿ ಬರುತ್ತಾಳೆ ಎಂದಳು ಅತ್ತೆ. ಈ ಮಠದ ಬಾಗಿಲಲ್ಲಿ ನಿಂತಾಗ ಇಲ್ಲಿನವರೂ ಅದನ್ನೇ ಅಂದರು. ಅಕ್ಷರ ಕಲಿತೆ, ಯಾರೂ ಕಲಿಸದೆ. ತಿರುಗಿ ಹೋಗಲಿಲ್ಲ. ಇದನ್ನೆಲ್ಲ ಮಾಡಿಸಿದ್ದು ನನ್ನ ಸಿಟ್ಟು. ಈಗ ಎಲ್ಲರೂ ಆ ಸಿಟ್ಟನ್ನೇ ಬಿಡು ಎನ್ನುತ್ತಾರೆ. ಬಿಟ್ಟರೆ ನನ್ನಲ್ಲಿ ಉಳಿಯುವುದೇನು?"

ಹೀಗೆ ಕೇಳಿದವಳು ಮಠದ ಅಡುಗೆಮನೆ ನೋಡಿಕೊಳ್ಳುತ್ತಿದ್ದ ಶಿಷ್ಯೆ. ಆ ಮಧ್ಯಾಹ್ನ ಪಂಕ್ತಿಯಲ್ಲಿ ಅವಳು ಎಡಗೈಯಿಂದ ಬಡಿಸಿದ್ದಳು. ಹಿರಿಯ ಶಿಷ್ಯೆಯೊಬ್ಬಳು, "ಉಣ್ಣಲು ಕೂತವರಿಗೆ ಎಡಗೈಯಲ್ಲಿ ಬಡಿಸುತ್ತಾರೇನೇ? ಯಾರು ಕಲಿಸಿದರು ನಿನಗೆ?" ಎಂದು ಎಲ್ಲರ ಎದುರು ಕೇಳಿದಳು. ಇವಳು ಉತ್ತರ ಕೊಡಲಿಲ್ಲ. ಸೌಟನ್ನು ನೆಲಕ್ಕೆಸೆದು ಹೊರಟುಹೋದಳು. ಆಮೇಲೆ ಯಾರೂ ಅವಳನ್ನು ಮಾತಾಡಿಸಲಿಲ್ಲ. ಅವಳು ಉಣ್ಣಲೂ ಇಲ್ಲ.

ಗುರುಗಳು ಅವಳಿಗೆ ಚಾಪೆ ತೋರಿಸಿದರು. ಅವಳು ಬಲಗೈಯನ್ನು ಸೆರಗಿನೊಳಗೆ ಇಟ್ಟುಕೊಂಡು ಕೂತಳು. ಗುರುಗಳು ಒಂದು ಕತೆ ಹೇಳಿದರು.

ಒಂದು ಊರು. ಶೇಂಗಾ, ಗೆಣಸು ಬೆಳೆಯುವ ಊರು. ಅಲ್ಲಿನ ಬೆಳೆಗೆ ಮುಳ್ಳುಹಂದಿಯ ಕಾಟ. ಹಗಲು ದಿಬ್ಬಗಳ ಬಿಲದಲ್ಲಿ ಅಡಗಿರುತ್ತದೆ, ಕತ್ತಲಾದ ಮೇಲೆ ಬಂದು ಬಳ್ಳಿಯ ಬುಡ ಕೆದರಿ ತಿನ್ನುತ್ತದೆ. ಅದನ್ನು ಹಿಡಿಯಲು ಬಿಲಕ್ಕಿಳಿಯುವ ನಾಯಿ ಬೇಕು. ಗಿಡ್ಡ ಕಾಲು, ಒರಟು ಕೂದಲಿನ ಒಂದು ಜಾತಿ ಇದೆ. ಪಟ್ಟಣದವರು ಟೆರಿಯರ್ ಎನ್ನುತ್ತಾರೆ. ಆ ಊರಲ್ಲಿ ಬಿಲನಾಯಿ ಎನ್ನುತ್ತಿದ್ದರು. ನಾಯಿ ಒಳಗಿಳಿದು ಮುಳ್ಳುಹಂದಿಯನ್ನು ಮೂಲೆಗೆ ಒತ್ತುತ್ತದೆ. ಮೇಲಿನವರು ಗುದ್ದಲಿಯಿಂದ ಅಗೆದು ಅಲ್ಲಿಗೆ ತಲುಪುತ್ತಾರೆ. ಇದು ಆ ಕೆಲಸದ ರೀತಿ.

ಆ ಊರಲ್ಲಿ ಒಬ್ಬ ಹೆಂಗಸು ಇದ್ದಳು. ಗಂಡ ಸತ್ತಿದ್ದ. ಅಣ್ಣನ ಮನೆಯಲ್ಲಿ ಇದ್ದಳು. ಒಂದು ದಿನ ಅವಳು, "ನಾನು ಬಿಲನಾಯಿ ಸಾಕಿ ಬದುಕುತ್ತೇನೆ" ಎಂದಳು.

ಅಣ್ಣ ನಕ್ಕ. "ಮೊದಲು ಮನೆಯ ಬೆಕ್ಕು ನಿನ್ನ ಮಾತು ಕೇಳಲಿ. ಆಮೇಲೆ ನಾಯಿಯ ಮಾತು."

ಅತ್ತಿಗೆಯೂ ನಕ್ಕಳು. "ಹೋಗಲಿ ಬಿಡಿ. ಸಂಜೆಗೆ ಅವಳ ಪಾಲಿನ ಅನ್ನ ತೆಗೆದಿಟ್ಟಿರುತ್ತೇನೆ. ಬಂದು ಉಣ್ಣುತ್ತಾಳೆ."

ಆ ಸಂಜೆ ಅತ್ತಿಗೆ ನಿಜವಾಗಿಯೂ ಅನ್ನ ತೆಗೆದಿಟ್ಟಳು. ಅವಳು ಬರಲಿಲ್ಲ. ಮುಂದಿನ ಯಾವ ಸಂಜೆಯೂ ಬರಲಿಲ್ಲ.

ಅವಳು ಹೋದದ್ದು ನಾಯಿ ಸಾಕುವ ಒಬ್ಬ ಮುದುಕನ ಬಳಿಗೆ. ಅವನ ಬುಟ್ಟಿಯಲ್ಲಿ ಮರಿಗಳಿದ್ದವು. ಅವಳು ಕೈ ಹಾಕಿದಳು. ಒಂದು ಹೆಣ್ಣುಮರಿ ಬೆರಳು ಕಚ್ಚಿ ಹಿಡಿಯಿತು. ಕೈ ಎತ್ತಿದರೆ ಬೆರಳಿಗೇ ಜೋತುಬಿದ್ದು ಮೇಲೆ ಬಂತು. ಅವಳಿಗೆ ಸಂತೋಷವಾಯಿತು.

"ಅದು ಬೇಡ ತಾಯಿ" ಎಂದ ಮುದುಕ. "ಬಹಳ ಖಾರ ಅದು. ಹಿಡಿದರೆ ಬಿಡುವುದಿಲ್ಲ."

"ಬಿಡದ್ದೇ ನನಗೆ ಬೇಕು."

"ಹಾಗಾದರೆ ಒಂದು ಮಾತು ಕೇಳು. ಕಚ್ಚುವುದನ್ನು ಅದಕ್ಕೆ ಯಾರೂ ಕಲಿಸಬೇಕಾಗಿಲ್ಲ, ತಾಯ ಹೊಟ್ಟೆಯಲ್ಲೇ ಕಲಿತಿದೆ. ಬಿಡುವುದನ್ನು ಕಲಿಸು. ನಾಲ್ಕು ಜನರ ಕೈಯಿಂದ ಉಣ್ಣಿಸು. ನನ್ನ ಹಳೆಯ ನಾಯಿಯ ಜೊತೆಗೆ ಕೆಲವು ದಿನ ಬಿಲಕ್ಕಿಳಿಸು, ಬೊಗಳುವುದನ್ನು ಅದರಿಂದ ಕಲಿಯಲಿ."

"ಬೊಗಳುವ ನಾಯಿ ಕಚ್ಚುವುದಿಲ್ಲ, ಅಜ್ಜ."

"ಅದು ಬಾಗಿಲು ಕಾಯುವ ನಾಯಿಗೆ ಹೇಳಿದ ಗಾದೆ. ಇದು ಮಣ್ಣಿನೊಳಗೆ ಹೋಗುವ ನಾಯಿ."

ಅವಳು ಆಗಲೇ ಮರಿಯನ್ನು ಮಡಿಲಿಗೆ ಹಾಕಿಕೊಂಡು ಹೊರಟಿದ್ದಳು. ಮುಂದಿನ ಮಾತು ಅವಳ ಕಿವಿಗೆ ಬೀಳಲಿಲ್ಲ.

ಮರಿಗೆ ಮೆಣಸಿ ಎಂದು ಹೆಸರಿಟ್ಟಳು. ಊರ ಹೊರಗೆ ಒಂದು ಗುಡಿಸಲು ಕಟ್ಟಿಕೊಂಡಳು. ಮರಿಯ ಬಾಯಿಗೆ ಚರ್ಮದ ತುಂಡು ಕೊಟ್ಟು ಎಳೆಯುತ್ತಿದ್ದಳು. ಬಿಡದೆ ಹಿಡಿದರೆ ಮಾಂಸ. ಬೊಗಳಿದರೆ ಮುಂದಿದ್ದ ತಟ್ಟೆಯೇ ಹಿಂದಕ್ಕೆ. ಬೇರೆ ನಾಯಿಗಳ ಹತ್ತಿರ ಸೇರಿಸಲಿಲ್ಲ, ಕುಂಯ್‌ಗುಟ್ಟುವುದನ್ನು ಕಲಿಯುತ್ತದೆ ಎಂದು. ತನ್ನ ಕೈಯ ಹೊರತು ಇನ್ನೊಂದು ಕೈಯಿಂದ ತಿನ್ನಲು ಬಿಡಲಿಲ್ಲ. ಮೆಣಸಿ ಜಾಣೆ. ಸದ್ದಿಲ್ಲದೆ ಹೋಗುವುದನ್ನು, ಸದ್ದಿಲ್ಲದೆ ಹಿಡಿಯುವುದನ್ನು ಬೇಗ ಕಲಿತಳು.

ಮೊದಲ ಬಾರಿ ಒಬ್ಬ ಒಕ್ಕಲಿಗ ತನ್ನ ಹೊಲಕ್ಕೆ ಕರೆದ. ಮೆಣಸಿ ಬಿಲಕ್ಕಿಳಿದಳು. ಒಕ್ಕಲಿಗ ಕಾದ. ಒಳಗಿನಿಂದ ಏನೂ ಕೇಳಿಸಲಿಲ್ಲ.

"ಏನಮ್ಮಾ, ನಿನ್ನ ನಾಯಿ ಒಳಗೆ ಹೋಗಿ ಮಲಗಿಬಿಟ್ಟಿತೇ? ಸದ್ದೇ ಇಲ್ಲವಲ್ಲ."

"ಕೆಲಸ ಮಾಡುವವರು ಸದ್ದು ಮಾಡುವುದಿಲ್ಲ" ಎಂದಳು ಅವಳು.

ಆ ಮಾತು ಮುಗಿಯುವುದರೊಳಗೆ ಮೆಣಸಿ ಹಿಂದುಹಿಂದಾಗಿ ಹೊರಗೆ ಬಂದಳು, ಸತ್ತ ಮುಳ್ಳುಹಂದಿಯನ್ನು ಎಳೆದುಕೊಂಡು. ಅಗೆಯುವ ಕೆಲಸವೇ ಬೀಳಲಿಲ್ಲ. ಸುದ್ದಿ ಹಬ್ಬಿತು. ಬೇರೆಯವರು ಎರಡು ಮೂರು ನಾಯಿ, ಅಗೆಯುವ ಆಳು ಎಲ್ಲ ಕಟ್ಟಿಕೊಂಡು ಹೋಗುತ್ತಿದ್ದರು. ಇವಳು ಒಬ್ಬಳೇ, ಒಂದೇ ನಾಯಿ. ಸುತ್ತಲಿನ ಊರುಗಳಿಂದ ಕರೆ ಬಂತು. ಗುಡಿಸಲು ಹೋಗಿ ಹೆಂಚಿನ ಮನೆ ಬಂತು. ಅದನ್ನು ಅವಳು ಊರೊಳಗೆ, ಅಣ್ಣನ ಮನೆಯ ಎದುರಿಗೇ ಕಟ್ಟಿಸಿದಳು. ಅಣ್ಣನ ಜಗುಲಿಗಿಂತ ಒಂದು ಮೆಟ್ಟಿಲು ಎತ್ತರ ಇಡಿಸಿದಳು.

ಕೆಲಸದಿಂದ ಬಂದ ಮೇಲೆ ಆ ಜಗುಲಿಯಲ್ಲಿ ಕೂತು ಇಕ್ಕಳದಿಂದ ಮೆಣಸಿಯ ಮುಸುಡಿಗೆ ಚುಚ್ಚಿದ ಮುಳ್ಳುಗಳನ್ನು ಒಂದೊಂದಾಗಿ ಕೀಳುತ್ತಿದ್ದಳು. ಮೆಣಸಿ ಕಣ್ಣು ಮುಚ್ಚಿಕೊಂಡು ಸುಮ್ಮನೆ ಕೂತಿರುತ್ತಿದ್ದಳು. ಒಮ್ಮೆಯೂ ನರಳಲಿಲ್ಲ. "ನಾವು ಅಳುವ ಜಾತಿಯಲ್ಲ" ಎಂದು ಅವಳು ನಾಯಿಗೆ ಹೇಳುತ್ತಿದ್ದಳು. ಅದನ್ನು ಹೇಳಲು ಅಲ್ಲಿ ಬೇರೆ ಯಾರೂ ಇರುತ್ತಿರಲಿಲ್ಲ.

ಏಕೆಂದರೆ ಮೆಣಸಿ ಮನುಷ್ಯರನ್ನೂ ಹಿಡಿಯುತ್ತಿದ್ದಳು. ಹಾಲಿನವಳನ್ನು ಹಿಡಿದಳು. ಮಜ್ಜಿಗೆ ಕೇಳಲು ಬಂದ ನೆರೆಯವಳನ್ನು ಹಿಡಿದಳು. ಒಂದು ಯುಗಾದಿಗೆ ಅತ್ತಿಗೆ ತಟ್ಟೆಯ ತುಂಬ ಹೋಳಿಗೆ ಇಟ್ಟುಕೊಂಡು ಬಂದಳು. ಮೆಟ್ಟಿಲು ಹತ್ತುವಾಗ ಮೆಣಸಿ ಜಗುಲಿಯಿಂದ ಹಾರಿ ಅವಳ ಮೊಣಕೈಗೆ ಬಾಯಿ ಹಾಕಿದಳು. ತಟ್ಟೆ ಬಿತ್ತು.

"ಬಿಡು" ಎಂದಳು ಒಡತಿ. ಮೆಣಸಿಗೆ ಆ ಮಾತು ಗೊತ್ತಿರಲಿಲ್ಲ. ಕೊರಳಪಟ್ಟಿ ತಿರುಚಿ ಬಾಯಿ ಬಿಡಿಸಬೇಕಾಯಿತು.

ಅತ್ತಿಗೆ ಬಯ್ಯಲಿಲ್ಲ. "ನಿನಗೆ ಇದೊಂದು ಸಾಕು ಬಿಡಮ್ಮ, ನಾವೆಲ್ಲ ಯಾಕೆ" ಎಂದು ಹೊರಟುಹೋದಳು. ತಟ್ಟೆ ಉಳಿಯಿತು. ತುಂಬಿ ಬಂದ ತಟ್ಟೆಯನ್ನು ಬರಿದಾಗಿ ಮರಳಿಸಬಾರದು. ಅದರಲ್ಲಿ ಏನಾದರೂ ಮಾಡಿ ಇಟ್ಟುಕೊಂಡು, ಆ ಬೀದಿ ದಾಟಿ, ಆ ಬಾಗಿಲಲ್ಲಿ ನಿಂತು ಕರೆಯಬೇಕು. ನಾಳೆ ಕೊಟ್ಟರಾಯಿತು ಎಂದು ಅವಳು ತಟ್ಟೆಯನ್ನು ತೊಳೆದು ಗೋಡೆಯ ಗೂಡಿನಲ್ಲಿಟ್ಟಳು.

ಹೀಗಿರುವಾಗ ಹಳ್ಳದ ದಂಡೆಯ ದೊಡ್ಡ ದಿಬ್ಬಕ್ಕೆ ಅವಳನ್ನು ಕರೆದರು. ಹಳೆಯ ಬಿಲ. ಬಾಯಿಗಳು ಹಲವು. ಒಳಗೆ ಎಷ್ಟು ದೂರ ಹೋಗುತ್ತದೋ ಕಂಡವರಿಲ್ಲ. ಹೊಲದವನು ಜಾಗ ತೋರಿಸಿ ಹೊರಟುಹೋದ, ನಾಯಿಗೆ ಹೆದರಿ. ಮೆಣಸಿ ಬೆಳಿಗ್ಗೆಯೇ ಇಳಿದಳು.

ಹೊತ್ತು ಏರಿತು. ಮೆಣಸಿ ಬರಲಿಲ್ಲ. ಅವಳು ಒಂದು ಬಾಯಿಗೆ ಬಗ್ಗಿ ಹೆಸರು ಹಿಡಿದು ಕರೆದಳು. ಇನ್ನೊಂದು ಬಾಯಿಗೆ ಹೋಗಿ ಕರೆದಳು. ನೆಲಕ್ಕೆ ಕಿವಿ ಇಟ್ಟು ಮಲಗಿದಳು. ಏನೂ ಇಲ್ಲ. ಆಗ ಅವಳಿಗೆ ಮುದುಕ ಹೇಳಹೊರಟಿದ್ದ ಮಾತು ತಿಳಿಯಿತು. ಬಿಲನಾಯಿ ಬೊಗಳುವುದು ಹೆದರಿಕೆಯಿಂದ ಅಲ್ಲ. ತಾನು ಎಲ್ಲಿದ್ದೇನೆ ಎಂದು ಮೇಲಿದ್ದವರಿಗೆ ತಿಳಿಸಲು. ಆ ಸದ್ದಿನ ಮೇಲೆಯೇ ಗುದ್ದಲಿ ಬೀಳುತ್ತದೆ. ಕಚ್ಚಿ ಹಿಡಿದ ಬಾಯಿ ಬೊಗಳಲಾರದು.

ಅವಳು ಗುದ್ದಲಿ ಎತ್ತಿಕೊಂಡಳು. ಅಂದಾಜಿನ ಮೇಲೆ ಒಂದು ಕಡೆ ಅಗೆದಳು. ಮಣ್ಣು ಮಾತ್ರ ಬಂತು. ಇನ್ನೊಂದು ಕಡೆ ಅಗೆದಳು. ಕಲ್ಲು ತಗುಲಿತು. ಬಿಸಿಲು ಇಳಿಯಿತು.

ಆ ದಾರಿಯಲ್ಲಿ ಅಣ್ಣನ ಗಾಡಿ ಬಂತು. ಅವನು ಎತ್ತುಗಳನ್ನು ನಿಲ್ಲಿಸಿದ. ತಂಗಿ ಸೊಂಟದವರೆಗೆ ಗುಂಡಿಯಲ್ಲಿದ್ದಳು.

"ನಾಯಿ ಒಳಗಿದೆಯೇ?"

"ಇದೆ."

"ಎಲ್ಲಿ ಅಂತ ಗೊತ್ತೇ?"

"ಗೊತ್ತು."

ಅಣ್ಣ ಅಗೆದ ಗುಂಡಿಗಳನ್ನು ನೋಡಿದ. ಗೊತ್ತಿದ್ದವರು ಅಷ್ಟು ಕಡೆ ಅಗೆಯುವುದಿಲ್ಲ. "ಗಾಡಿಯಲ್ಲಿ ಗುದ್ದಲಿ ಇದೆ" ಎಂದ. "ಇಳಿಯಲೇ?"

ಅವಳು ಅಗೆಯುವುದನ್ನು ನಿಲ್ಲಿಸಲಿಲ್ಲ. ಮುಖವನ್ನೂ ತಿರುಗಿಸಲಿಲ್ಲ. "ಬೆಕ್ಕೂ ನನ್ನ ಮಾತು ಕೇಳುವುದಿಲ್ಲ ಅಂದಿದ್ದೆಯಲ್ಲ. ನನ್ನ ಕೈಲಾಗುತ್ತದೆ. ನಿನ್ನ ದಾರಿ ಹಿಡಿ."

ಅಣ್ಣ ಸ್ವಲ್ಪ ಹೊತ್ತು ನಿಂತ. ಆಮೇಲೆ ಎತ್ತುಗಳನ್ನು ಹೊರಡಿಸಿದ. ಗಾಡಿ ಹೊರಟಿತು. ಎತ್ತಿನ ಕೊರಳ ಗಂಟೆ ಬಹಳ ಹೊತ್ತು ಕೇಳಿಸಿತು. ಕೇಳಿಸುವಷ್ಟು ಹೊತ್ತೂ ಅವಳ ಬಾಯಲ್ಲಿ ಒಂದು ಕೂಗು ಇತ್ತು. ಅವಳು ಹಲ್ಲು ಕಚ್ಚಿಕೊಂಡಳು. ಗಂಟೆಯ ಸದ್ದು ನಿಂತಿತು.

ಕತ್ತಲಾಯಿತು. ಬೆಳಗಾಯಿತು. ಬೆಳಗಿನ ಹೊತ್ತಿಗೆ ಎರಡು ಗುಂಡಿಗಳ ನಡುವಿನ ಗೋಡೆ ತಾನಾಗಿ ಕುಸಿಯಿತು. ಮೆಣಸಿ ಅಲ್ಲಿದ್ದಳು. ಮುಳ್ಳುಹಂದಿಯ ಕುತ್ತಿಗೆ ಅವಳ ಬಾಯಲ್ಲಿತ್ತು. ಅದು ಸತ್ತಿತ್ತು. ಮೆಣಸಿ ಗೆದ್ದಿದ್ದಳು. ಆದರೆ ಹಿಂದಿನ ದಾರಿ ಮಣ್ಣು ಕುಸಿದು ಮುಚ್ಚಿ ಅವಳೂ ಉಸಿರುಗಟ್ಟಿ ಸತ್ತಿದ್ದಳು, ಮೈ ಇನ್ನೂ ಪೂರ್ತಿ ತಣ್ಣಗಾಗಿರಲಿಲ್ಲ.

ಹೂಳುವ ಮೊದಲು ಬಾಯಿ ಬಿಡಿಸಲು ನೋಡಿದಳು. ಆಗಲಿಲ್ಲ. ಎರಡನ್ನೂ ಒಂದೇ ಗುಂಡಿಯಲ್ಲಿ ಹೂತಳು.

ಆಮೇಲೆ ಅವಳು ಮುದುಕನ ಬಳಿಗೆ ಹೋಗಿ ಬೇರೆ ಮರಿಗಳನ್ನು ತಂದಳು. ಬೊಗಳುವುದನ್ನು ಕಲಿಸಿದಳು. ಬಿಡುವುದನ್ನು ಕಲಿಸಿದಳು. ಅವಳಿಗಿಂತ ಒಳ್ಳೆಯ ಬಿಲನಾಯಿ ಸಾಕುವವರು ಆ ಸೀಮೆಯಲ್ಲಿ ಇಲ್ಲ ಎಂಬ ಹೆಸರು ಬಂತು. ಆಗದು ಎಂದವರ ಮಾತು ಸುಳ್ಳಾಯಿತು.

ಅವಳಿಗೆ ಈಗ ಹೆಂಚಿನ ಮನೆ ಇದೆ. ಸಿಹಿನೀರಿನ ಬಾವಿ ಇದೆ. ಹಳ್ಳದ ದಂಡೆಯ ಹೊಲ ಇದೆ, ಆ ದಿಬ್ಬವೂ ಅದರಲ್ಲೇ ಸೇರಿದೆ. ಅಣ್ಣನ ಜಗುಲಿಗಿಂತ ಎತ್ತರದ ಜಗುಲಿ ಇದೆ. ಅದರ ಮೇಲೆ ಕೂರಲು ಅವಳೊಬ್ಬಳೇ ಇದ್ದಾಳೆ. ಗೋಡೆಯ ಗೂಡಿನಲ್ಲಿ ಅತ್ತಿಗೆಯ ತಟ್ಟೆ ಇದೆ. ಹಬ್ಬ ಬಂದಾಗ ಅವಳು ಅದನ್ನು ತೆಗೆದು ತೊಳೆಯುತ್ತಾಳೆ. ಒರೆಸಿ ಮತ್ತೆ ಅಲ್ಲೇ ಇಡುತ್ತಾಳೆ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯೆ ಕೇಳಿದಳು:

"ಅವಳು ಕೂಗಿದ್ದರೆ ಅಣ್ಣ ತಿರುಗಿ ಬರುತ್ತಿದ್ದನೇ?"

"ಮನೆಗೆ ಹೊರಟ ಎತ್ತು ಓಡುತ್ತದೆ. ಅವನು ಆ ದಿನ ಹಗ್ಗ ಜಗ್ಗಿ ಹಿಡಿದು ನಿಧಾನವಾಗಿ ನಡೆಸಿದ."

ಶಿಷ್ಯೆಯ ಮುಖ ಬಿಗಿಯಾಯಿತು. "ನಾನು ಕೇಳಿದ್ದು ನನ್ನ ಸಿಟ್ಟಿನ ಮಾತು. ನೀವು ಹೇಳಿದ್ದು ಯಾವುದೋ ಊರಿನ ನಾಯಿಯ ಕತೆ."

ಗುರುಗಳು ಪಕ್ಕದಲ್ಲಿದ್ದ ಬೆಣ್ಣೆಯ ಬಟ್ಟಲನ್ನು ಅವಳ ಕಡೆಗೆ ಸರಿಸಿದರು.

"ಬಲಗೈಯನ್ನು ಸೆರಗಿನಿಂದ ಹೊರಗೆ ತೆಗೆ ತಂಗಿ, ಎಷ್ಟು ಸುಟ್ಟಿದೆ ನೋಡೋಣ."