ಓಗೊಡದ ಗುಡ್ಡ

ಕರಿದಿನ್ನಿಯ ಪಡುವಣಕ್ಕೆ, ಯಾರೋ ಅವಸರದಲ್ಲಿ ಕಲ್ಲು ಸುರಿದು ಹೋದಂತೆ ಕಾಣುವ ಒಂದು ಗುಡ್ಡವಿದೆ. ಬಸ್ಸಿಳಿದರೆ ಅರ್ಧ ಗಂಟೆಯ ನಡಿಗೆ. ಮೇಲೆ ಸೀತಾಫಲದ ಪೊದೆ, ಕಾರೆಮುಳ್ಳು, ದೊಡ್ಡ ಬಂಡೆಯ ಅಡಿಯಲ್ಲಿ ಒಬ್ಬರು ಬಾಗಿ ನುಗ್ಗಬಹುದಾದ ಗವಿ. ಗವಿಯೊಳಗಿನ ಕಲ್ಲಿನಲ್ಲಿ ಸೊಂಟದ ಮೇಲೆ ಮನುಷ್ಯನಾಗಿ, ಕೆಳಗೆ ಆಡಿನ ಕಾಲುಗಳಿರುವ, ಜೊಂಡಿನ ಕೊಳಲು ಹಿಡಿದ ಮೂರ್ತಿಯಿದೆ. ಕುರಿಗಾಹಿಗಳು ಅವನನ್ನು ಆಡುಗಾಲಯ್ಯ ಎನ್ನುತ್ತಾರೆ. ಗ್ರೀಕರ ದೇಶದ ಬೆಟ್ಟಗಳಲ್ಲಿಯೂ ಇಂಥದೇ ಕಾಲಿನ, ಇಂಥದೇ ಕೊಳಲಿನ ಪ್ಯಾನ್ ಎಂಬ ಕುರಿಗಾಹಿ ದೇವರಿದ್ದನೆಂದು ಓದಿದವರು ಹೇಳುತ್ತಾರೆ. ಬೆಳಗೆಲ್ಲ ಬೇಟೆಯಾಡಿ ದಣಿದ ಆಡುಗಾಲಯ್ಯ ನಡುಮಧ್ಯಾಹ್ನ ಗವಿಯಲ್ಲಿ ಮಲಗುತ್ತಾನೆ. ಆಗ ಗುಡ್ಡದ ಮೇಲೆ ಕೊಳಲು ಊದಬಾರದು, ಸಿಳ್ಳೆ ಹಾಕಬಾರದು, ಹಿಂಡಿನ ಮುಂದೆ ನಡೆಯುವ ಟಗರಿನ ಗಂಟೆಗೆ ಹುಲ್ಲು ತುರುಕಬೇಕು. ಅವನ ನಿದ್ದೆ ಕೆಟ್ಟರೆ ಗುರುತಿನವರ ದನಿಯಲ್ಲಿ ನಿಮ್ಮ ಹೆಸರು ಹಿಡಿದು ಕರೆಯುತ್ತಾನೆ, ಆ ದನಿಗೇ ಕುರಿಗಳ ಕಿವಿ ನೆಟ್ಟಗಾಗುತ್ತದೆ. ಓಗೊಟ್ಟಿರೋ, ಕಾರಣವಿಲ್ಲದ ಬೆದರು ಹಿಂಡನ್ನು ಹೊಕ್ಕು ಒಂದರ ಹಿಂದೊಂದು ಕುರಿ ಕಮರಿಗೆ ಹಾರುತ್ತದೆ. ಆದರೆ ಗುಡ್ಡಕ್ಕೆ ಓಗೊಡದ ಗುಡ್ಡವೆಂಬ ಹೆಸರು ಬಂದದ್ದು ದೇವರಿಂದಲ್ಲ, ಕೆಂಚವ್ವನೆಂಬ ಹೆಂಗಸಿನಿಂದ.

ಊರಿಗೆ ಬಂಡಿದಾರಿಯೂ ಇಲ್ಲದಿದ್ದ ಹಿಂದಿನ ಕಾಲದಲ್ಲಿ ಕೆಂಚವ್ವನ ಗಂಡ ಹಾವು ಕಡಿದು ಸತ್ತ. ಪಾಲು ಹಂಚುವ ದಿನ ಗಂಡನ ಅಣ್ಣ ಮಾಳಪ್ಪ ಊರ ಹಿರಿಯರು ಸೇರುವ ದೈವದ ಕಟ್ಟೆಯ ಮೇಲೆ ಕುಳಿತು, ಎಲ್ಲರಿಗೂ ಕೇಳುವಂತೆ ಅಂದನಂತೆ: “ಕುರಿ ಕಾಯೋದಂದ್ರ ರೊಟ್ಟಿ ಬಡದಂಗಲ್ಲ. ಒಂದು ಮಳಿಗಾಲ ಮುಗಿಯೂದ್ರಾಗ ನನ್ನ ಹಟ್ಟಿ ಕಸಾ ಹೊಡೀಲಿಕ್ಕೆ ಬರ್ತೀ, ಬರದಿಟ್ಕೋ.”

“ಹೊಡೀತೀನಿ ಭಾವಾ,” ಎಂದಳು ಕೆಂಚವ್ವ. “ಆದ್ರ ಅಷ್ಟೊತ್ತಿಗೆ ನಿಮ್ಮ ಹಟ್ಟ್ಯಾಗ ಹಿಕ್ಕಿ ಹಾಕಾಕ ಕುರಿನಾದ್ರೂ ಉಳಿದಿರಬೇಕಲ್ಲ?”

ಕಟ್ಟೆ ನಕ್ಕಿತು, ಮಾಳಪ್ಪ ನಗಲಿಲ್ಲ. ಹಿರಿಯರು ಅವಳಿಗೆ ಏಳು ಕುರಿ ಕೊಟ್ಟು ಒಂದು ಕಟ್ಟು ಹಾಕಿದರು. ಒಂದೇ ಒಂದು ಸಲ ಅವಳ ಹಿಂಡು ಬೆದರಿ ಚೆದುರಿದರೂ, ಉಳಿದದ್ದೆಲ್ಲ ಮಾಳಪ್ಪನದು. ಗಂಡಸರ ಹಿಂಡು ಚೆದುರಿದರೆ ಅದು ದೇವರ ಆಟ, ಹೆಂಗಸಿನದು ಚೆದುರಿದರೆ ಅದು ಹೆಂಗಸಿನ ತಪ್ಪು. ಕೆಂಚವ್ವ ಕಂಬಳಿ ಹೊದ್ದು ಹೊರಟಳು. ರೋಗದ ಗೊರಸು ಕೆತ್ತುವುದನ್ನು, ತಾಯಿ ಒದ್ದ ಮರಿಗೆ ಬೇರೆ ಕುರಿಯ ಮೊಲೆ ಹಿಡಿಸುವುದನ್ನು ಯಾರೂ ಕಲಿಸದೆ, ಕಂಡೂ ಕೆಟ್ಟೂ ಕಲಿತಳು. ಹನ್ನೊಂದು ವರ್ಷದಲ್ಲಿ ಏಳು ಕುರಿ ಇನ್ನೂರಾಯಿತು. ಗುಡ್ಡದ ನಿಯಮಗಳನ್ನು ಅವಳಷ್ಟು ಬಿಗಿಯಾಗಿ ಯಾವ ಗಂಡಸೂ ಪಾಲಿಸಲಿಲ್ಲ. ಅವಳಿಗೆ ತಪ್ಪುವ ಸದರವಿರಲಿಲ್ಲ.

ಒಂದು ಬೇಸಿಗೆಯ ಮಧ್ಯಾಹ್ನ ಅವಳ ಹಿಂಡು ಕಮರಿಯಂಚಿನ ಹಾಸುಬಂಡೆಯ ಮೇಲೆ ನಿಂತಿತ್ತು. ಬಿಸಿಲಿಗೆ ಕುರಿಗಳು ಒಂದರ ಹೊಟ್ಟೆಯ ನೆರಳಿಗೆ ಇನ್ನೊಂದು ತಲೆ ತೂರಿಸಿ ಒಂದೇ ಮುದ್ದೆಯಾಗಿದ್ದವು. ಆಗ ಕೆಳಗಿನ ಬಂಡೆಗಳ ಸಂದಿನಿಂದ ಕರೆ ಬಂತು. “ಏ ಕೆಂಚವ್ವಾ!” ಮಾಳಪ್ಪನ ದನಿ. ಗದರುವ ದನಿ. ಅವಳು ಎದ್ದು ನಿಂತು, ಮತ್ತೆ ಕುಳಿತಳು. ಸ್ವಲ್ಪ ಹೊತ್ತಿಗೆ ಮತ್ತೆ: “ಕೆಂಚವ್ವಾ, ಕಾಲು ಕಲ್ಲಿನಡಿ ಸಿಕ್ಕೈತಿ, ಬಾ.” ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡಳು. ಮೂರನೆಯ ಸಲ ದನಿ ಕುಗ್ಗಿತ್ತು. “ಯವ್ವಾ, ನಮ್ಮವ್ವಾ, ನಿನ್ನ ಕಾಲು ಬೀಳ್ತೀನಿ, ಒಂದೀಟು ಕೈ ಕೊಡು.”

ಅಲ್ಲಿಗೆ ಅವಳಿಗೆ ಖಾತ್ರಿಯಾಯಿತು ಎನ್ನುತ್ತಾರೆ. ಹನ್ನೊಂದು ವರ್ಷದಲ್ಲಿ ಮಾಳಪ್ಪ ಅವಳನ್ನು ಅವ್ವ ಎಂದವನಲ್ಲ, ಯಾರ ಕಾಲಿಗೂ ಬಿದ್ದವನಲ್ಲ. ಇದು ಅವನಲ್ಲ, ನಿದ್ದೆ ಕೆಟ್ಟ ಆಡುಗಾಲಯ್ಯ. ಒಂದು ಓ ಅಂದರೆ ಇನ್ನೂರು ಕುರಿ ಕಮರಿಯಲ್ಲಿ. ಹಾಗೆ ಹೇಳಿಕೊಳ್ಳುತ್ತಲೇ ಅವಳ ಕಣ್ಣು ಹಿಂಡಿನ ಮೇಲೆ ಹೋಯಿತು. ದೇವರ ದನಿಯಾಗಿದ್ದರೆ ಕುರಿಗಳ ಕಿವಿ ನೆಟ್ಟಗಾಗಬೇಕಿತ್ತು, ಮೈ ನಡುಗಬೇಕಿತ್ತು. ಮುಂದಿನ ಟಗರು ಕಣ್ಣು ಅರೆಮುಚ್ಚಿ ಮೆಲುಕು ಹಾಕುತ್ತಿತ್ತು. ಕೆಂಚವ್ವ ಅದನ್ನು ಕಂಡಳು. ಕಂಡೂ ಎದ್ದೇಳಲಿಲ್ಲ.

ನೆರಳು ವಾಲಿದ ಮೇಲೆ ಗಂಟೆಯ ಹುಲ್ಲು ಕಿತ್ತು ಅವಳು ಸಂದಿಗೆ ಇಳಿದಳು. ಮಾಳಪ್ಪನ ತೊಡೆ ಬಂಡೆಯಡಿ ಜಜ್ಜಿತ್ತು, ರಕ್ತವೆಲ್ಲ ಮರಳಿಗೆ ಇಂಗಿತ್ತು. ಮೈ ಇನ್ನೂ ಬೆಚ್ಚಗಿತ್ತು, ಉಸಿರಿರಲಿಲ್ಲ. ಅವನ ತೋಳಿನೊಳಗೆ ಒಂದು ಮರಿ ಜೀವಂತವಾಗಿ ಒದ್ದಾಡುತ್ತಿತ್ತು. ಅದರ ಕಿವಿಯಲ್ಲಿ ಕೆಂಚವ್ವನ ಹಿಂಡಿನ ಗುರುತಿನ ಕಚ್ಚು. ಮರಿಯನ್ನು ಕದಿಯಲು ಹಿಡಿದಿದ್ದನೋ, ಬಿದ್ದ ಮರಿಯನ್ನು ಎತ್ತಲು ಇಳಿದಿದ್ದನೋ, ಇಂದಿಗೂ ಯಾರೂ ಹೇಳಲಾರರು.

ಹಿರಿಯರು ಕಟ್ಟೆಗೆ ಕರೆದು ಕೇಳಿದಾಗ ಅವಳು ಮುಚ್ಚಿಡಲಿಲ್ಲ. “ಕರೆದ್ರು. ಮೂರು ಸಲ ಕರೆದ್ರು. ನಾ ಓ ಅನ್ನಲಿಲ್ಲ.”

“ಪದ್ಧತಿ ನಡಿಸೀದಿ ತಂಗಿ. ನಿನ್ನ ಮ್ಯಾಲೆ ತಪ್ಪಿಲ್ಲ,” ಎಂದರು ಹಿರಿಯರು.

“ಕುರಿ ಬೆದರಿರಲಿಲ್ಲ, ಯಜಮಾನ್ರ,” ಎಂದಳು.

ಹಿರಿಯರು ಕಂಬಳಿ ಕೊಡವಿ ಕಟ್ಟೆಯಿಂದ ಎದ್ದರು. ಮಾಳಪ್ಪನಿಗೆ ಹೆಂಡತಿಯಿಲ್ಲ, ಮಕ್ಕಳಿಲ್ಲ. ಅವನ ಹಿಂಡು, ಅವನ ಹಟ್ಟಿ, ಗುಡ್ಡದ ಸುತ್ತಲ ಮೇವಿನ ಹಕ್ಕು ಎಲ್ಲವೂ ಅವಳಿಗೇ ಬಂತು. ಆಮೇಲೆ ಊರಿನಲ್ಲಿ ಅವಳನ್ನು ಆಡಿಕೊಳ್ಳುವವರು ಉಳಿಯಲಿಲ್ಲ. ಹೆಸರು ಹಿಡಿದು ಕೂಗುವವರೂ ಉಳಿಯಲಿಲ್ಲ, ಏಕೆಂದರೆ ಕೂಗಿದಾಗಲೆಲ್ಲ ಅವಳ ಮುಖ ಬೂದಿಯಾಗುತ್ತಿತ್ತು. ಬದುಕಿದಷ್ಟು ದಿನ, ಬಿಸಿಲು ನೆತ್ತಿಗೇರಿದೊಡನೆ ಆ ಸಂದಿನ ಅಂಚಿಗೆ ಹೋಗಿ ಕೂರುತ್ತಿದ್ದಳು. ದೇವರು ಎಚ್ಚರವಾಗಲಿ, ಇದ್ದಬದ್ದದ್ದೆಲ್ಲ ಕಮರಿಗೆ ಹಾರಲಿ ಎಂದು ಗಟ್ಟಿಯಾಗಿ ಓಗೊಡುತ್ತಿದ್ದಳು. ಹಿಂಡು ಒಮ್ಮೆಯೂ ಬೆದರಲಿಲ್ಲವಂತೆ.

ಈಗ ಆ ಗುಡ್ಡಕ್ಕೆ ಹೋದವರು ಮಧ್ಯಾಹ್ನದವರೆಗೆ ಕಾದರೆ ನೋಡಬಹುದು. ಮೇಯಿಸಲು ಬಂದವರು ಊಟದ ಬುತ್ತಿ ಬಿಚ್ಚುವ ಮೊದಲು ಒಬ್ಬೊಬ್ಬರಾಗಿ ಸಂದಿನ ಬಳಿಗೆ ಹೋಗಿ, ಬಗ್ಗಿ, “ಓ” ಎನ್ನುತ್ತಾರೆ. ಒಳಗಿನಿಂದ ಯಾರೂ ಕರೆದಿರುವುದಿಲ್ಲ.