ದಾರಿಗೆ ಅಡ್ಡ ಇಟ್ಟ ಕೊಂಬೆ

“ಗುರುಗಳೇ, ಮಲಗುವ ಮೊದಲು ನೆರವಾದವರನ್ನೆಲ್ಲ ನೆನೆದು ಕೈಮುಗಿಯಬೇಕು ಎನ್ನುತ್ತೀರಿ. ನನಗೆ ನೆನೆಯಲು ಯಾರೂ ಇಲ್ಲ. ಮನೆಯಲ್ಲಿ ಅಣ್ಣ ಅಡ್ಡ ನಿಂತ. ಓದುವ ಕಡೆ ಮೇಷ್ಟರು ಅಡ್ಡ ನಿಂತರು. ಇಲ್ಲಿಗೆ ಬಂದಾಗ ನೀವೂ ಮೂರು ದಿನ ಬಾಗಿಲ ಹೊರಗೆ ಕೂರಿಸಿದಿರಿ. ಎಲ್ಲರನ್ನೂ ದಾಟಿಕೊಂಡು ಬಂದವನು ನಾನು. ಯಾರಿಗೆ ಕೈಮುಗಿಯಲಿ?”

ಶಿಷ್ಯ ಹೀಗೆ ಕೇಳಿದಾಗ ಗುರುಗಳು ಅವರೆಕಾಯಿ ಸುಲಿಯುತ್ತ ಕೂತಿದ್ದರು. ಅವರು ಸಿಟ್ಟಾಗಲಿಲ್ಲ. ಅರ್ಧ ರಾಶಿಯನ್ನು ಶಿಷ್ಯನ ಮುಂದಕ್ಕೆ ತಳ್ಳಿ, ಕತೆ ಕೇಳುವಾಗ ಕೈ ಸುಮ್ಮನಿರಬಾರದು ಎಂದು ಹೇಳಿ ಶುರುಮಾಡಿದರು.

ಒಂದು ಊರಿನಲ್ಲಿ ಒಬ್ಬ ಸೈಕಲ್ ಅಂಗಡಿಯವನಿದ್ದ. ಪಂಕ್ಚರ್ ಹಾಕುವುದು, ಬ್ರೇಕ್ ಬಿಗಿ ಮಾಡುವುದು, ಡೊಂಕಾದ ರಿಮ್ಮನ್ನು ನೇರ ಮಾಡುವುದು ಅವನ ಕಸುಬು. ವರ್ಷವೆಲ್ಲ ಮಂದಿಯ ಸೈಕಲ್ಲುಗಳ ಜೊತೆ ಗುದ್ದಾಡಿ, ವರ್ಷಕ್ಕೆ ಮೂರು ದಿನ ಅಂಗಡಿಗೆ ಬಾಗಿಲು ಹಾಕಿ, ಹೆಂಡತಿಯನ್ನೂ ಮಗಳನ್ನೂ ಕರೆದುಕೊಂಡು ಬೆಟ್ಟಕ್ಕೆ ಹೋಗುತ್ತಿದ್ದ. ದಪ್ಪ ಟೈರು ಹಾಕಿ ಮೂರು ಸೈಕಲ್ಲುಗಳನ್ನು ಬೆಟ್ಟಕ್ಕೆಂದೇ ತಾನೇ ಜೋಡಿಸಿದ್ದ. ಬೆಳಿಗ್ಗೆ ಗಾಡಿರಸ್ತೆಯಲ್ಲಿ ಸೈಕಲ್ಲು ತಳ್ಳಿಕೊಂಡು ಹತ್ತುವುದು, ತುದಿಯಲ್ಲಿ ಕೂತು ಬುತ್ತಿ ಬಿಚ್ಚುವುದು, ಮಧ್ಯಾಹ್ನ ಕಾಲುದಾರಿಯಲ್ಲಿ ಸವಾರಿ ಮಾಡುತ್ತ ಇಳಿಯುವುದು. ಆ ಮೂರು ದಿನ ಅವನಷ್ಟು ಸುಖಿ ಇನ್ನೊಬ್ಬನಿರಲಿಲ್ಲ.

ಇಳಿಯುವುದಕ್ಕೆ ಆ ಮನೆಯವರದೇ ಒಂದು ಕಟ್ಟುಪಾಡು. ಅಪ್ಪ ಮುಂದೆ, ಮಗಳು ನಡುವೆ, ತಾಯಿ ಹಿಂದೆ. ಅಪ್ಪ ಒಂದು ತಿರುವಿನಷ್ಟು ಮುಂಚೆ ಹೋಗಿ, ದಾರಿಯಲ್ಲಿ ಬಿದ್ದ ಕಲ್ಲು ಮುಳ್ಳುಗಳನ್ನು ಪಕ್ಕಕ್ಕೆ ಸರಿಸಬೇಕು. ಆಮೇಲೆ ಬೆಲ್ಲನ್ನು ಎರಡು ಸಲ ಹೊಡೆಯಬೇಕು. ಎರಡು ಸಲ ಎಂದರೆ, ದಾರಿ ಸರಿಯಿದೆ, ಬಾ. ಆ ಸದ್ದು ಕೇಳುವವರೆಗೆ ಮಗಳು ಪೆಡಲ್ ಮೇಲೆ ಕಾಲಿಡುತ್ತಿರಲಿಲ್ಲ. ಕೇಳಿದ ಮೇಲೆ ಬ್ರೇಕ್ ಮುಟ್ಟುತ್ತಿರಲಿಲ್ಲ. ಹನ್ನೊಂದು ವರ್ಷದ ಹುಡುಗಿ. ಅಪ್ಪ ಬಾ ಎಂದ ಮೇಲೆ ಅವಳಿಗೆ ಇನ್ನೊಂದು ಯೋಚನೆ ಇರಲಿಲ್ಲ.

ಒಂದು ವರ್ಷ ಅವರು ತಮಗೆ ಗೊತ್ತಿಲ್ಲದ ಹೊಸ ಬೆಟ್ಟಕ್ಕೆ ಹೋದರು. ಹತ್ತಿದ್ದಾಯಿತು, ಉಂಡದ್ದಾಯಿತು, ಇಳಿಯತೊಡಗಿದರು. ಅರ್ಧ ದಾರಿ ಇಳಿಯುವಷ್ಟರಲ್ಲಿ, ಮುಂದೆ ಹೋಗುತ್ತಿದ್ದ ಅಂಗಡಿಯವನಿಗೆ ಕಾಲುದಾರಿಗೆ ಅಡ್ಡಲಾಗಿ ಎಲೆ ತುಂಬಿದ ಒಂದು ಹಸಿ ಕೊಂಬೆ ಕಂಡಿತು. ಅದರ ಎರಡು ತುದಿಗೂ ಕಲ್ಲು ಹೇರಿದ್ದರು. ಗಾಳಿಗೆ ಬಿದ್ದ ಕೊಂಬೆಯ ಮೇಲೆ ಯಾರಾದರೂ ಕಲ್ಲು ಹೇರುತ್ತಾರೆಯೇ? ಅದನ್ನೆಲ್ಲ ಯೋಚಿಸುವ ವ್ಯವಧಾನ ಅವನಿಗಿರಲಿಲ್ಲ. ಯಾರೋ ಕೆಲಸವಿಲ್ಲದವರು ಎಳೆದು ಹಾಕಿದ್ದಾರೆ ಎಂದು ಬೈದುಕೊಂಡ. ಕಲ್ಲುಗಳನ್ನು ಉರುಳಿಸಿದ. ಕೊಂಬೆಯನ್ನು ಎಳೆದು ಪೊದೆಯ ಆಚೆ ಬಿಸಾಡಿದ. ಎಲೆ ಸಿಕ್ಕಿ ಚಕ್ರ ಜಾರೀತೆಂದು, ಉದುರಿದ ಸೊಪ್ಪನ್ನೂ ಕಾಲಿನಿಂದ ಗುಡಿಸಿದ. ಆಮೇಲೆ ಬೆಲ್ಲನ್ನು ಎರಡು ಸಲ ಹೊಡೆದು ಮುಂದೆ ಹೊರಟ.

ಮುಂದಿನ ತಿರುವಿನಲ್ಲಿ ದಾರಿಯೇ ಇರಲಿಲ್ಲ. ಹಿಂದಿನ ವಾರದ ಮಳೆಗೆ ಕುಸಿದು ಕಂದಕಕ್ಕೆ ಹೋಗಿತ್ತು. ಅವನು ಬ್ರೇಕ್ ಹಿಡಿದ. ಚಕ್ರವೇನೋ ನಿಂತಿತು, ಅವನೇ ಬಿಗಿ ಮಾಡಿದ ಬ್ರೇಕು. ಚಕ್ರದ ಕೆಳಗಿನ ಮಣ್ಣು ನಿಲ್ಲಲಿಲ್ಲ. ಕೈಗೆ ಒಂದು ಬೇರು ಸಿಕ್ಕಿತು. ಸೈಕಲ್ಲು ಕೆಳಗೆ ಹೋಯಿತು. ಅದು ಬಿದ್ದ ಸದ್ದು ಬರಲು ಎಷ್ಟು ಹೊತ್ತಾಯಿತೆಂದರೆ, ಆಳ ಎಷ್ಟೆಂದು ಅವನು ಬಗ್ಗಿ ನೋಡುವ ಅಗತ್ಯವೇ ಬೀಳಲಿಲ್ಲ.

ಬೇರು ಹಿಡಿದು ತೆವಳಿ ಮೇಲೆ ಬಂದ. ಒಂದು ಕಾಲು ಉಳುಕಿತ್ತು. ಬದುಕಿದೆ ಎಂದುಕೊಂಡ. ಮರುಗಳಿಗೆಯೇ ಮಗಳ ನೆನಪಾಯಿತು. ಎರಡು ಸಲ ಬೆಲ್ ಹೊಡೆದಾಗಿತ್ತು. ಬಾ ಎನ್ನಲು ಅವರ ಕಟ್ಟುಪಾಡಿನಲ್ಲಿ ಬೆಲ್ಲಿತ್ತು, ಬರಬೇಡ ಎನ್ನಲು ಏನೂ ಇರಲಿಲ್ಲ. ಈಗಂತೂ ಬೆಲ್ಲೂ ಕಂದಕದ ಪಾಲಾಗಿತ್ತು. ಕೂಗಿದ. ಕೆಳಗಿನ ಹಳ್ಳದ ಮೊರೆತದಲ್ಲಿ ಅವನ ಕೂಗು ತಿರುವಿನಾಚೆಗೆ ಮುಟ್ಟುವಂತಿರಲಿಲ್ಲ.

ಪೊದೆ ಹಿಡಿದುಕೊಂಡು ಕುಂಟುತ್ತ ಹತ್ತತೊಡಗಿದ. ಮಗಳು ಬಂದೇಬಿಟ್ಟರೆ ತನಗೇ ಡಿಕ್ಕಿ ಹೊಡೆದು ನಿಲ್ಲಲಿ ಎಂದು ದಾರಿಯ ನಟ್ಟನಡುವೆ ನಡೆದ. ತನ್ನ ಮನೆದೇವರನ್ನು ಕರೆದ. ಸಾಲದೆಂದು ಹೆಂಡತಿಯ ತವರಿನ ದೇವರನ್ನೂ ಕರೆದ. ಯಾರೂ ಇಳಿದು ಬರಲಿಲ್ಲ. ಬರಲಿಲ್ಲವೆಂದು ಸಮಾಧಾನ, ಏಕೆ ಬರಲಿಲ್ಲವೆಂದು ಭಯ.

ತಿರುವು ದಾಟಿ ನೋಡುತ್ತಾನೆ, ಕೊಂಬೆ ಮತ್ತೆ ದಾರಿಗೆ ಅಡ್ಡ ಬಿದ್ದಿದೆ. ತುದಿಗಳ ಮೇಲೆ ಕಲ್ಲೂ ಇದೆ. ಅದರ ಆಚೆ ನೆಲದ ಮೇಲೆ ಒಂದು ಭಾರಿ ಹುಲ್ಲಿನ ಹೊರೆ, ಹೊರೆಗೆ ಒರಗಿ ಕೂತು ನೇರಳೆಹಣ್ಣು ತಿನ್ನುತ್ತಿರುವ ಮಗಳು. ಎರಡು ಸೈಕಲ್ಲುಗಳನ್ನೂ ಹಿಡಿದು ಹೆಂಡತಿ ನಿಂತಿದ್ದಾಳೆ. ಸೊಂಟಕ್ಕೆ ಕುಡುಗೋಲು ಸಿಕ್ಕಿಸಿಕೊಂಡ ಒಬ್ಬ ವಯಸ್ಸಾದ ಹೆಂಗಸು ಕೊಂಬೆಯ ಪಕ್ಕದಲ್ಲಿ ಕಾವಲಿಗೆ ನಿಂತಿದ್ದಾಳೆ.

“ಅಪ್ಪಾ, ನೀನು ಬೆಲ್ ಹೊಡೆದೆ, ನಾನು ಹೊರಟೆ. ಇಲ್ಲಿಗೆ ಬಂದರೆ ಈ ಅಜ್ಜಿ ಹೊರೆ ಇಳಿಸಿ ಕೊಂಬೆ ಎಳೆಯುತ್ತಿದ್ದಳು. ಅಡ್ಡ ನಿಂತು ಬಿಡಲೇ ಇಲ್ಲ,” ಎಂದು ಮಗಳು ದೂರು ಹೇಳಿದಳು.

ಅಂಗಡಿಯವನು ಮಗಳನ್ನು ತಬ್ಬಿಕೊಂಡ. ಗಳಗಳನೆ ಅತ್ತ. ಹೆಂಗಸಿಗೆ ಅವನ ಅಳುವಿಗಿಂತ ತನ್ನ ಸಿಟ್ಟೇ ದೊಡ್ಡದಾಗಿತ್ತು.

“ಯಾವ ಪುಣ್ಯಾತ್ಮ ಕಣಪ್ಪ ಸೊಪ್ಪು ತೆಗೆದು ಬಿಸಾಕಿದ್ದು? ದಾರಿ ಕುಸಿದೈತೆ ಅಂತ ಬೆಳಿಗ್ಗೆ ಹುಲ್ಲಿಗೆ ಹೋಗೋವಾಗ ನಾನೇ ಇಟ್ಟು ಹೋಗಿದ್ದೆ. ಹಸಿ ಸೊಪ್ಪು ಅಡ್ಡ ಇದ್ರೆ ನಮ್ಮ ಬೆಟ್ಟದಲ್ಲಿ ದನಾನೂ ಮುಂದಕ್ಕೆ ಹೋಗಲ್ಲ!”

“ನಾನೇ ತೆಗೆದೆ ಕಣಮ್ಮ,” ಎಂದ. “ಹಿಂದೆ ಮಗಳು ಬರ್ತಿದ್ಳು. ಅವಳಿಗೆ ಅಡ್ಡ ಆಗಬಾರದು ಅಂತ.”

“ಹಿಂದೆ ಬರೋರಿಗೆ ಅಂತಲೇ ಕಣಪ್ಪ ನಾನೂ ಇಟ್ಟಿದ್ದು.”

ಅವನು ಅವಳ ಕಾಲಿಗೆ ಬಿದ್ದ. ಅವಳು ಸಂಕೋಚದಿಂದ ಎರಡು ಹೆಜ್ಜೆ ಹಿಂದೆ ಸರಿದಳು. “ಏಳಪ್ಪ, ಏಳು. ಹೊರೆಗೊಂದು ಕೈ ಕೊಡು, ಅಷ್ಟು ಸಾಕು. ಮನೆಯಲ್ಲಿ ಕರು ಕಾಯ್ತಿರ್ತದೆ.”

ಅವನು ಹೊರೆಗೆ ಕೈ ಹಾಕಿದ. ಅಲುಗಾಡಲಿಲ್ಲ. ಹೆಂಡತಿಯೂ ಬಂದು ಹಿಡಿದಳು. ಇಬ್ಬರೂ ಸೇರಿ ಎತ್ತಿ ಅವಳ ತಲೆಯ ಮೇಲಿಡುವಾಗ ಅಂಗಡಿಯವನಿಗೆ ಒಂದು ಸಂಗತಿ ಹೊಳೆಯಿತು. ಆ ಹೊರೆಯನ್ನು ಒಬ್ಬರೇ ಹೊತ್ತುಕೊಳ್ಳಲು ಆಗುವುದಿಲ್ಲ. ಹುಲ್ಲು ಕೊಯ್ದ ಜಾಗದಲ್ಲಿ ಯಾರೋ ಎತ್ತಿ ಹೊರಿಸಿದ್ದಾರೆ. ನಡುದಾರಿಯಲ್ಲಿ ಇಳಿಸಿದರೆ, ಇನ್ನೊಬ್ಬರು ಆ ಕಡೆ ಬರುವವರೆಗೆ ಕಾಯಬೇಕು. ಕುಸಿದ ದಾರಿಯೆಂದು ಬೆಟ್ಟದವರಿಗೆಲ್ಲ ಗೊತ್ತಿರುವಲ್ಲಿ ಬರುವವರು ಯಾರು? ಸಂಜೆಯವರೆಗೂ ಕೂರಬೇಕಾಗಬಹುದಿತ್ತು. ಅದು ಗೊತ್ತಿದ್ದೂ, ಕೊಂಬೆ ಜಾಗದಲ್ಲಿಲ್ಲವೆಂದು ಕಂಡೊಡನೆ ಅವಳು ಹೊರೆ ಇಳಿಸಿದ್ದಳು. ಆಗ ಅವನ ಮಗಳು ಅವಳ ಕಣ್ಣಿಗೆ ಇನ್ನೂ ಬಿದ್ದೂ ಇರಲಿಲ್ಲ.

ಅವಳು ಹೊರೆ ಹೊತ್ತು ಪಕ್ಕದ ಸೀಳುದಾರಿ ಹಿಡಿದು ಹೊರಟುಹೋದಳು. ಹೆಸರು ಕೇಳಬೇಕೆಂದು ಇವನಿಗೆ ಹೊಳೆಯುವಷ್ಟರಲ್ಲಿ ಹುಲ್ಲಿನ ಹೊರೆಯೂ ಕಾಣದಾಗಿತ್ತು. ಆ ದಿಕ್ಕಿಗೇ ಕೈಮುಗಿದ.

ಅವನ ಮನೆಯವರು ಈಗಲೂ ಪ್ರತಿ ವರ್ಷ ಬೆಟ್ಟಕ್ಕೆ ಹೋಗುತ್ತಾರೆ. ಈಗಲೂ ಅವನೇ ಮುಂದೆ. ದಾರಿಗೆ ಅಡ್ಡ ಏನಾದರೂ ಕಂಡರೆ ಇಳಿದು ಮೊದಲು ಅದಕ್ಕೊಂದು ನಮಸ್ಕಾರ ಹಾಕುತ್ತಾನೆ. ಆಮೇಲೆ ಅದು ತಾನಾಗಿ ಬಿದ್ದದ್ದೋ, ಯಾರಾದರೂ ಇಟ್ಟದ್ದೋ ಎಂದು ನೋಡುತ್ತಾನೆ. ಹೆಚ್ಚಿನವು ತಾವಾಗಿ ಬಿದ್ದವೇ. ಕೊಳೆತ ಕಟ್ಟಿಗೆಗೂ ಕೈಮುಗಿಯುತ್ತೀಯಲ್ಲಪ್ಪ ಎಂದು ಮಗಳು ನಗುತ್ತಾಳೆ. ಅವಳು ನಗುತ್ತಿರುವುದನ್ನು ನೋಡಲು ಅವನಿಗೆ ಸಂತೋಷ.

ಗುರುಗಳು ಕತೆ ಮುಗಿಸಿ, ಸುಲಿದ ಕಾಳನ್ನು ಪಾತ್ರೆಗೆ ಸುರಿದರು.

“ಈಗ ಹೇಳಪ್ಪ,” ಎಂದರು, “ನಿನಗೆ ಯಾರ್ಯಾರು ಅಡ್ಡ ಬಂದರು ಅಂದೆ?”