ಕುದಿನೀರು ತಪ್ಪಿಸಿಕೊಂಡ ಹೇರಳೆ ಸಿಪ್ಪೆ

ಇಂದುಮತಿಯವರ ಒಲೆಯ ಮೇಲೆ ಎರಡು ಪಾತ್ರೆಗಳಿದ್ದವು. ಒಂದರಲ್ಲಿ ಬರಿಯ ಕುದಿನೀರು, ಇನ್ನೊಂದರಲ್ಲಿ ಸಕ್ಕರೆ ಪಾಕ. ಮರುದಿನ ಬರುವ ಬೀಗರಿಗೆಂದು ಸಿಪ್ಪೆಯ ಮಿಠಾಯಿ ತಯಾರಾಗುತ್ತಿತ್ತು. ಕಿತ್ತಳೆ ಸಿಪ್ಪೆಗಳು ಮತ್ತೆ ಮತ್ತೆ ಕುದಿದು, ಕಹಿಯನ್ನೆಲ್ಲ ನೀರಿಗೆ ಬಿಟ್ಟು, ಮೆತ್ತಗಾದ ಮೇಲೆ ಪಾಕಕ್ಕೆ ಇಳಿಯುತ್ತಿದ್ದವು. ದಪ್ಪನೆಯ ಹೇರಳೆ ಸಿಪ್ಪೆಯೊಂದಕ್ಕೆ ತಟ್ಟೆಯಲ್ಲಿ ಎಲ್ಲರಿಗಿಂತ ಮೇಲೆ ಕೂರುವ ಆಸೆಯಿತ್ತು, ಬೇಯುವ ಮನಸ್ಸಿರಲಿಲ್ಲ. ಅದು ಸೌಟಿನ ಮರೆಯಲ್ಲಿ ಜಾರಿ ನೇರವಾಗಿ ಪಾಕಕ್ಕೆ ಧುಮುಕಿತು.

"ಏನಪ್ಪಾ, ಕುದಿನೀರಿನ ಸ್ನಾನ ಆಯಿತೇ?" ಎಂದು ಪಾಕ ಕೇಳಿತು.

"ಸ್ನಾನವೆಲ್ಲ ಆ ಬಡಕಲು ಕಿತ್ತಳೆಗಳಿಗೆ. ನನ್ನ ಮೈಬಣ್ಣ ನೋಡು! ಸುಮ್ಮನೆ ಸಕ್ಕರೆ ಮೆತ್ತು."

"ಅಪ್ಪಣೆ, ದೊರೆ," ಎಂದ ಪಾಕ ಒಳಗೊಳಗೇ ನಕ್ಕು ಧಾರಾಳವಾಗಿ ಮೆತ್ತಿತು.

ಮರುದಿನ ತಟ್ಟೆಯ ರಾಶಿಯ ಮೇಲೆ ಹೇರಳೆಯೇ ಹೊಳೆಯುತ್ತಿತ್ತು. ಬೀಗಿತ್ತಿ ಮೊದಲು ಅದನ್ನೇ ಆರಿಸಿ ಕಚ್ಚಿದರು. ಕಣ್ಣು ಕಿರಿದಾಯಿತು, ಮೂಗು ಸೊಟ್ಟಗಾಯಿತು. "ಬಹಳ... ಚೆನ್ನಾಗಿದೆ," ಎಂದವರೇ ಉಳಿದ ತುಂಡನ್ನು ಲೋಟದ ಹಿಂದೆ ಅಡಗಿಸಿಟ್ಟು, ಕಿತ್ತಳೆ ಸಿಪ್ಪೆಗೆ ಕೈ ಚಾಚಿದರು. ತಟ್ಟೆ ಬರಿದಾಗುವವರೆಗೂ ಆ ಕೈ ನಿಲ್ಲಲಿಲ್ಲ.

ಅರ್ಧ ಕಚ್ಚಿಸಿಕೊಂಡ ಹೇರಳೆ ಅಡುಗೆಮನೆಗೆ ಮರಳಿತು. ಪಾತ್ರೆಯ ತಳದಲ್ಲಿ ಉಳಿದಿದ್ದ ಪಾಕವನ್ನು ಕಂಡು, "ಮೋಸಗಾರ! ನೀನು ನನ್ನೊಳಗೆ ಬರಲೇ ಇಲ್ಲ!" ಎಂದು ಕೂಗಾಡಿತು.

"ಬಂದಿದ್ದೆ, ದೊರೆ," ಎಂದಿತು ಪಾಕ. "ಬಾಗಿಲಲ್ಲೇ ನಿಂತು ಇಣುಕಿ ನೋಡಿದೆ. ಒಳಗೆ ನಿಮ್ಮ ಕಹಿ ಕಾಲು ಚಾಚಿ ಮಲಗಿತ್ತು. ನಾನೆಲ್ಲಿ ಕೂರಲಿ?"